ಕ್ಷೌರಶಾಲೆಯಲ್ಲಿ ಸಭ್ಯತೆ



ದೇವಸ್ಥಾನದಲ್ಲಿ ಹೇಗಿರಬೇಕು, ಸಭೆಯಲ್ಲಿ ಹೇಗೆ ಕುಳಿತುಕೊಳ್ಳಬೇಕು ಎಂಬುದನ್ನು ಹಿರಿಯರು ನಮಗೆ ಕಲಿಸಿದ್ದಾರೆ. ಕ್ಷೌರಶಾಲೆಯಲ್ಲಿ ಹೇಗಿರಬೇಕೆಂಬುದನ್ನು ಮಾತ್ರ ಯಾರೂ ಕಲಿಸಿದಂತಿಲ್ಲ. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಷ್ಟು ಬೆಳೆಯುವುದರಿಂದ, ಈ ಯಾತ್ರೆಯೇನೋ ನಮ್ಮಲ್ಲಿ ಹೆಚ್ಚಿನವರಿಗೆ ತಪ್ಪಿದ್ದಲ್ಲ.

ಯೋಚಿಸಿ ನೋಡಿ. ಹೆಸರನ್ನೂ ಅರಿಯದ ಒಬ್ಬರ ಹರಿತವಾದ ಕತ್ತಿಗೆ ಕೊರಳೊಡ್ಡಿ, ಕಣ್ಣು ಮುಚ್ಚಿ ನಾವು ನಿಶ್ಚಿಂತೆಯಿಂದ ತೂಕಡಿಸುತ್ತೇವೆ. ಇಷ್ಟು ನಂಬಿಕೆಗೆ ಪಾತ್ರರಾದವರನ್ನು “ಏನೋ, ಬಾರೋ” ಎಂದು ಕರೆಯುವುದು ವಿಚಿತ್ರವಲ್ಲವೆ? ಅವರ ಕುಲದ ಹೆಸರನ್ನು ಬೈಗುಳವಾಗಿ ಬಳಸುವುದಂತೂ ವಿದ್ಯಾವಂತರಿಗೆ ಸಲ್ಲದು.

ಈ ಕಸಬು ಅಲ್ಪವಾದುದಲ್ಲ. ಲಂಡನ್ ನಗರದಲ್ಲಿ 1540ರಿಂದ 1745ರ ವರೆಗೆ ಕ್ಷೌರಿಕರೂ ಶಸ್ತ್ರವೈದ್ಯರೂ ಒಂದೇ ಸಂಘಕ್ಕೆ ಸೇರಿದ್ದರು. ನಮ್ಮ ಹಳ್ಳಿಗಳಲ್ಲಿಯೂ ಹಿಂದೆ ಕುರುಗಳನ್ನು ಕೊಯ್ದು ವಾಸಿಮಾಡುತ್ತಿದ್ದವರು ಅನೇಕ ಕಡೆ ಇವರೇ. ಮದುವೆಯ ಚಪ್ಪರದಲ್ಲಿ ವಾಲಗ ನುಡಿಸುವವರೂ ಹಲವೆಡೆ ಇವರೇ.

ಇನ್ನು ಗಿರಾಕಿಯ ಧರ್ಮವನ್ನು ಕುರಿತು ಕೆಲವು ಮಾತು. ಭಾನುವಾರ ಬೆಳಗ್ಗೆ ಅಂಗಡಿ ತುಂಬಿರುತ್ತದೆ; ಸರತಿಯನ್ನು ಮೀರಿ ಕುರ್ಚಿ ಹಿಡಿಯುವುದು ದೊಡ್ಡಸ್ತಿಕೆಯಲ್ಲ. ಎಣ್ಣೆ ಸುರಿಯುವ ತಲೆಯನ್ನು ತೊಳೆದುಕೊಂಡು ಹೋಗಬೇಕು. ಹೇನು, ಗಜಕರ್ಣ, ಗಾಯ ಏನಿದ್ದರೂ ಮೊದಲೇ ತಿಳಿಸಬೇಕು. ಮುಂದೆ ಅದೇ ಬಾಚಣಿಗೆ ಇನ್ನೊಬ್ಬರ ತಲೆಗೂ ಬರಬಹುದು. ಹೊಸ ಬ್ಲೇಡನ್ನು ಕೇಳುವುದು ಅವಮಾನವೂ ಅಲ್ಲ, ಅಧಿಕಪ್ರಸಂಗವೂ ಅಲ್ಲ. ಹೆಪಟೈಟಿಸ್ ಬಿ ಯಂಥ ರೋಗಗಳು ರಕ್ತದ ಮೂಲಕ ಹರಡುವುವು. ಆದರೆ ಕೇಳುವ ಧ್ವನಿಯಲ್ಲಿ ವಿನಯವಿರಲಿ. ಕೂದಲು ಎಷ್ಟು ಉಳಿಯಬೇಕೆಂಬುದನ್ನು ಕತ್ತರಿ ಆಡುವ ಮುನ್ನವೇ ಹೇಳಿ. ಕತ್ತರಿಸಿದ ಕೂದಲನ್ನು ಬ್ರಹ್ಮನೂ ಅಂಟಿಸಲಾರ. ಮೊಬೈಲನ್ನು ಕಿವಿಗೊತ್ತಿಕೊಂಡು ಕುಳಿತರೆ, ಆ ಕಿವಿಯ ಬದಿಯ ಕೂದಲನ್ನು ತೆಗೆಯುವ ಬಗೆ ಹೇಗೆ? ಕೆಲಸ ಮುಗಿದ ಮೇಲೆ ಚೌಕಾಶಿಗೆ ತೊಡಗುವುದೂ ತರವಲ್ಲ.

ಇವೆಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಅಸ್ಪೃಶ್ಯತೆಯ ಆಚರಣೆಯನ್ನು ದಂಡನೀಯವೆಂದು ಸಾರಿದ 1955ರ ಕಾಯಿದೆಯು ‘ಅಂಗಡಿ’ ಎಂಬ ಪದದ ಅರ್ಥದಲ್ಲಿ ಕ್ಷೌರದಂಗಡಿಯನ್ನೂ ಹೆಸರಿಸಿ ಸೇರಿಸಿದೆ. ಆದರೂ ದಲಿತರಿಗೆ ಕ್ಷೌರವನ್ನು ನಿರಾಕರಿಸಿದ ವಾರ್ತೆ ಇಂದಿಗೂ ಆಗಾಗ ನಮ್ಮ ಕಿವಿಗೆ ಬೀಳುತ್ತಿದೆ. ಹಾಗೆ ನಿರಾಕರಿಸುವುದು ಅಪರಾಧವೇ ಸರಿ. ಆದರೆ “ಅವರಿಗೆ ಮಾಡಿದರೆ ನಾವು ಬರುವುದಿಲ್ಲ” ಎಂದು ಬಡ ಕಸಬುದಾರನನ್ನು ಹೆದರಿಸುವ ಗಿರಾಕಿಯ ಹೊಣೆ ಕಡಮೆಯೆ? ಕತ್ತರಿ ಯಾರ ಕೂದಲನ್ನೂ ಜಾತಿ ಕೇಳಿ ಕತ್ತರಿಸುವುದಿಲ್ಲ. ನಾವೇಕೆ ಕೇಳಬೇಕು?

ಪಕ್ಕದ ಕುರ್ಚಿಯಲ್ಲಿ ಯಾರು ಕುಳಿತರೂ ಸರಿಯೆಂದು ನಾವು ಬಾಯಿಬಿಟ್ಟು ಹೇಳಿದರೆ, ಕ್ಷೌರಿಕರ ಭಯ ನೀಗುತ್ತದೆ. ಸಭ್ಯ ಗಿರಾಕಿಯ ಮೊದಲ ಲಕ್ಷಣ ಇದೇ ಎಂದು ಅರಿಕೆಮಾಡಿ ವಿರಮಿಸುತ್ತೇನೆ.