ಕನ್ನಡ ಪುಸ್ತಕ ಓದುಗರ ಮನೆಗೆ ಬಂದ ದಾರಿ



ಹಾವೇರಿ ಸೀಮೆಯ ಗಳಗನಾಥರ ಹೆಸರನ್ನು ನೀವು ಕೇಳಿರುತ್ತೀರಿ. ಪೂರ್ತಿ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ, ಹುಟ್ಟಿದ್ದು 1869ರಲ್ಲಿ. ಕಾದಂಬರಿ ಬರೆದರು, ‘ಸದ್ಬೋಧ ಚಂದ್ರಿಕೆ’ ಪತ್ರಿಕೆ ನಡೆಸಿದರು, ಅಚ್ಚಾದ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಆಗಿನ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳಲ್ಲಿ ಕಲಿತವರು ಓದುತ್ತಿದ್ದುದು ಹೆಚ್ಚಾಗಿ ಮರಾಠಿ. ಕನ್ನಡದಲ್ಲೂ ಓದುವಂಥದ್ದು ಇದೆ ಅನ್ನುವುದನ್ನು ಬಾಗಿಲಿಗೇ ಹೋಗಿ ಹೇಳಬೇಕಿತ್ತು. ಬೆಂಗಳೂರಿನಲ್ಲಿ ಜಿ.ಪಿ. ರಾಜರತ್ನಂ ಅವರೂ ಪುಸ್ತಕ ಹೊತ್ತು ಮಾರಿದವರೇ. ಇವರ ತ್ಯಾಗವನ್ನು ನಾವು ಮತ್ತೆ ಮತ್ತೆ ನೆನೆಯುತ್ತೇವೆ, ನೆನೆಯಬೇಕಾದದ್ದೇ. ಅದರ ಜೊತೆಗೆ ಇನ್ನೊಂದನ್ನೂ ಗಮನಿಸಬೇಕು: ತಮ್ಮ ಓದುಗ ಯಾರು, ಯಾವ ಊರಿನವನು, ಏನು ಕೇಳುತ್ತಾನೆ ಎಂಬುದು ಇವರಿಗೆ ಮುಖತಃ ಗೊತ್ತಿತ್ತು.

ಆ ತಿಳಿವನ್ನು ಒಂದು ವ್ಯವಸ್ಥೆಯಾಗಿ ಕಟ್ಟಿದವರು ಧಾರವಾಡದ ಜಿ.ಬಿ. ಜೋಶಿ. 1933ರಲ್ಲಿ ಮನೋಹರ ಗ್ರಂಥಮಾಲೆ ಶುರುವಾಯಿತು. ಓದುಗರು ಮೊದಲೇ ವರ್ಷದ ಚಂದಾ ಕಟ್ಟಬೇಕು. ಪುಸ್ತಕಗಳು ಅಂಚೆಯಲ್ಲಿ ಮನೆಗೆ ಬರುತ್ತವೆ. ಸರಳವಾದ ಏರ್ಪಾಡು. ಆದರೆ ಅಚ್ಚಿಗೆ ಬೇಕಾದ ಹಣ ಸಾಲ ಕೊಡುವವನಿಂದಲ್ಲ, ಓದುವವನಿಂದಲೇ ಬಂತು. ಆ ಧೈರ್ಯದ ಮೇಲೆ ಹೊಸಬರನ್ನು ಅಚ್ಚು ಹಾಕಬಹುದಾಯಿತು. ಸುಭಾಸ್ ರಸ್ತೆಯಲ್ಲಿದ್ದ ಗ್ರಂಥಮಾಲೆಯ ‘ಅಟ್ಟ’ ಸಾಹಿತಿಗಳೆಲ್ಲ ಕೂಡುವ ಜಾಗವಾಯಿತು; ಕೀರ್ತಿನಾಥ ಕುರ್ತಕೋಟಿಯವರು ಅಲ್ಲಿ ಹಸ್ತಪ್ರತಿಗಳನ್ನು ಓದಿ, ತೂಗಿ ನೋಡುತ್ತಿದ್ದರು. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ, ಎ.ಕೆ. ರಾಮಾನುಜನ್ ಅವರ ‘ಹೊಕ್ಕುಳಲ್ಲಿ ಹೂವಿಲ್ಲ’ 1969ರಲ್ಲಿ ಹೊರಬಂದದ್ದು ಅಲ್ಲಿಂದಲೇ. ಯಾರೂ ಹೆಸರು ಕೇಳಿರದ ತರುಣನ ನಾಟಕ ಹಳ್ಳಿಯ ಮಾಸ್ತರರ ಮನೆಗೆ ಅಂಚೆಯಲ್ಲಿ ತಲುಪುವುದೆಂದರೆ ಸಣ್ಣ ಮಾತಲ್ಲ.

ಪುಸ್ತಕ ಕೊಳ್ಳಲಾಗದ ಮನೆಗಳಿಗೆ ಇನ್ನೊಂದು ದಾರಿಯಿತ್ತು, ಬಾಡಿಗೆ ಗ್ರಂಥಾಲಯ. ಅರವತ್ತರಿಂದ ಎಂಬತ್ತರ ದಶಕದವರೆಗೆ ನಮ್ಮ ಊರುಗಳ ಬಡಾವಣೆಗಳಲ್ಲಿ ‘ಸರ್ಕ್ಯುಲೇಟಿಂಗ್ ಲೈಬ್ರರಿ’ ಎಂಬ ಬೋರ್ಡು ಹೊತ್ತ ಒಂದು ಬಾಗಿಲಿನ ಅಂಗಡಿಗಳು ಸಾಲುಸಾಲಾಗಿದ್ದವು. ಡಿಪಾಜಿಟ್ ಇಟ್ಟರೆ ಪುಸ್ತಕ, ದಿನಕ್ಕಿಷ್ಟು ಬಾಡಿಗೆ. ದಾರ ಹಾಕಿ ಹೊಲಿದ ದಪ್ಪ ರಟ್ಟು, ಅದರ ಮೇಲೆ ಕಂದು ಕಾಗದ, ಒಳಗೆ ತಾರೀಖಿನ ಚೀಟಿ. ತ್ರಿವೇಣಿ, ತ.ರಾ.ಸು., ಅ.ನ.ಕೃ., ಸಾಯಿಸುತೆ ಅವರ ಕಾದಂಬರಿಗಳು. ಹೆಂಗಸರು ಮಕ್ಕಳ ಕೈಯಲ್ಲಿ ಚೀಟಿ ಕಳಿಸುತ್ತಿದ್ದರು. ಯಾವ ಮನೆಗೆ ಯಾವ ಲೇಖಕಿ ಇಷ್ಟ ಎಂಬುದು ಅಂಗಡಿಯವನಿಗೆ ಬಾಯಿಪಾಠ. ವಿಮರ್ಶಕರು ಇವನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ನನ್ನ ಮಟ್ಟಿಗೆ, ಎರಡು ತಲೆಮಾರಿನ ಕನ್ನಡ ಗೃಹಿಣಿಯರನ್ನು ಓದುಗರನ್ನಾಗಿ ಉಳಿಸಿದ್ದು ಈ ಅಂಗಡಿಗಳೇ. ಮನೆಮನೆಗೆ ಕೇಬಲ್ ಟಿ.ವಿ. ಬಂದ ಮೇಲೆ ಒಂದೊಂದಾಗಿ ಬಾಗಿಲು ಹಾಕಿದವು.

ಪುಸ್ತಕದ ಲೋಕಕ್ಕೆ ಸರ್ಕಾರ ಬಂದದ್ದು 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಮೂಲಕ. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಾಗತೊಡಗಿತು. ಈಗ ಅದು ಪ್ರತಿ ರೂಪಾಯಿಗೆ ಆರು ಪೈಸೆ. ಅಂದರೆ ಮನೆ ಕಂದಾಯ ಕಟ್ಟುವ ಪ್ರತಿಯೊಬ್ಬರೂ ಪುಸ್ತಕಕ್ಕೆ ದುಡ್ಡು ಕೊಟ್ಟಿರುತ್ತಾರೆ. ಇದು ದೊಡ್ಡ ಕೆಲಸ. ಹಾಗೆಯೇ ಸಗಟು ಖರೀದಿ: ಸಮಿತಿ ಆಯ್ಕೆ ಮಾಡಿದ ಪುಸ್ತಕದ 300 ಪ್ರತಿಗಳನ್ನು ಗ್ರಂಥಾಲಯ ಇಲಾಖೆ ಪುಟದ ಲೆಕ್ಕದಲ್ಲಿ ಕೊಳ್ಳುತ್ತದೆ. ಕವನ, ವಿಮರ್ಶೆ, ಸಂಶೋಧನೆ, ಅಂಗಡಿಯಲ್ಲಿ ನಿಧಾನವಾಗಿ ಹೋಗುವ ಇಂಥ ಎಷ್ಟೋ ಪುಸ್ತಕಗಳು ಈ ಯೋಜನೆಯಿಂದಲೇ ಬೆಳಕು ಕಂಡವು.

ಆದರೆ ಇದರಲ್ಲೇ ತೊಡಕೂ ಸೇರಿತ್ತು. 300 ಪ್ರತಿಗೇ ಅಸಲು ಹುಟ್ಟಿದ ಮೇಲೆ ಓದುಗನನ್ನು ಹುಡುಕಿಕೊಂಡು ಹೋಗುವ ಜರೂರು ಕೆಲವು ಪ್ರಕಾಶಕರಿಗೆ ಉಳಿಯಲಿಲ್ಲ. ಪುಟದ ಲೆಕ್ಕವಾದ್ದರಿಂದ ಪುಟ ಹಿಗ್ಗಿಸುವ ಚಾಳಿಯೂ ಬಂತು. ಇನ್ನೊಂದೆಡೆ, ಸ್ಥಳೀಯ ಸಂಸ್ಥೆಗಳು ವಸೂಲು ಮಾಡಿದ ಕರ ಇಲಾಖೆಗೆ ಸರಿಯಾಗಿ ಸೇರದೆ ಬಾಕಿ ಬೆಳೆಯಿತು. ಖರೀದಿ ತಡವಾಯಿತು, ಬಿಲ್ಲು ನಿಂತಿತು. ಒಬ್ಬನೇ ಗಿರಾಕಿಯನ್ನು ನಂಬಿದವರ ಗೋದಾಮಿನಲ್ಲಿ ಪುಸ್ತಕದ ಕಟ್ಟುಗಳು ಹಾಗೇ ಉಳಿದವು.

ಪುಸ್ತಕದ ಅಂಗಡಿಗಳ ಕಷ್ಟ ಬೇರೆ. 100 ರೂಪಾಯಿಯ ಪುಸ್ತಕದಲ್ಲಿ ಮಾರುವವರ ಪಾಲು 30ರಿಂದ 40 ರೂಪಾಯಿ. ಅದರಲ್ಲೇ ಬಾಡಿಗೆ, ಸಂಬಳ, ಕರೆಂಟು. ಆನ್‌ಲೈನ್‌ನವರು ಆ ಪಾಲಿನಲ್ಲೇ ರಿಯಾಯಿತಿ ಕೊಟ್ಟಾಗ ಅಂಗಡಿಯವನಿಗೆ ಏನು ಉಳಿದೀತು? 1971ರಿಂದ ಬೆಂಗಳೂರಿನ ಓದುಗರನ್ನು ಸಾಕಿದ ಟಿ.ಎಸ್. ಶಾನಭಾಗರ ಪ್ರೀಮಿಯರ್ ಬುಕ್‌ಶಾಪ್ 2009ರಲ್ಲಿ ಮುಚ್ಚಿತು. ಅಂಚೆಯಲ್ಲಿ ಅಗ್ಗದಲ್ಲಿ ಪುಸ್ತಕ ಒಯ್ಯುತ್ತಿದ್ದ ರಿಜಿಸ್ಟರ್ಡ್ ಬುಕ್‌ಪೋಸ್ಟ್ ಸೇವೆ 2024ರ ಡಿಸೆಂಬರ್‌ನಲ್ಲಿ ನಿಂತಿತು. ಅದರ ಬದಲಿಗೆ 2025ರ ಮೇ ತಿಂಗಳಲ್ಲಿ ‘ಜ್ಞಾನ ಪೋಸ್ಟ್’ ಬಂತಾದರೂ, ನಡುವಿನ ತಿಂಗಳುಗಳಲ್ಲಿ ಪುಟ್ಟ ಪ್ರಕಾಶಕರು ಪರದಾಡಿದರು.

ಹಾಗೆಂದು ನಾನು ಕೈಚೆಲ್ಲಿ ಕೂತಿಲ್ಲ. ಗಾಂಧಿ ಬಜಾರಿನ ಅಂಕಿತ ಪುಸ್ತಕದಂಥ ಅಂಗಡಿಗಳು ಪ್ರಕಾಶನವನ್ನೂ ನಡೆಸುತ್ತ ನಿಂತಿವೆ. ಹೊಸ ತಲೆಮಾರಿನ ಪ್ರಕಾಶಕರು ಪುಸ್ತಕ ಅಚ್ಚಾಗುವ ಮುನ್ನವೇ ವಾಟ್ಸಾಪ್‌ನಲ್ಲಿ ಮುಂಗಡ ಪಡೆಯುತ್ತಾರೆ, ಬೇಡಿಕೆ ನೋಡಿಕೊಂಡು ನೂರಿನ್ನೂರು ಪ್ರತಿ ತೆಗೆಯುತ್ತಾರೆ. ಗ್ರಂಥಮಾಲೆಯ ಚಂದಾ ಪದ್ಧತಿಯೇ ಇದು, ಮೊಬೈಲಿಗೆ ಬಂದಿದೆ ಅಷ್ಟೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. ಅಲ್ಲಿಗೆ ಬರುವ ಮಕ್ಕಳಿಗೆ, ಪರೀಕ್ಷೆಗೆ ಓದುವ ಹುಡುಗಿಯರಿಗೆ ಯಾವ ಪುಸ್ತಕ ಬೇಕು ಎಂದು ಬರೆಯಲು ಒಂದು ರಿಜಿಸ್ಟರ್ ಇಡಲಿ. ಸಗಟು ಖರೀದಿಯ ಹಣದಲ್ಲಿ ಒಂದು ಪಾಲನ್ನಾದರೂ ಆ ರಿಜಿಸ್ಟರ್ ನೋಡಿ ಖರ್ಚು ಮಾಡಲಿ ಎಂಬುದು ಇಲಾಖೆಗೆ ನನ್ನ ಮನವಿ.