ಬಾವಿಕಟ್ಟೆಯ ಕಲ್ಲು
(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಸಾಫ್ಟ್‌ವೇರ್ ಎಂಜಿನಿಯರ್ ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆ ಹೇಳುತ್ತಾನೆ ಎಂದು ನೀವು ಕುಳಿತಿರಬಹುದು. ನಾನು ಹೇಳಬೇಕಾಗಿರುವುದು ಒಂದು ಕಲ್ಲಿನ ವಿಷಯ. ಅದರಲ್ಲಿ ನನ್ನ ತಪ್ಪೂ ಸೇರಿದೆ.

ನನ್ನ ಚಿಕ್ಕಪ್ಪನ ಮಗಳು ಧಾರವಾಡದಲ್ಲಿ ಶಾಸನ ಮತ್ತು ಪುರಾತತ್ವ ಓದುತ್ತಾಳೆ. ಹೋದ ವರ್ಷ ದೀಪಾವಳಿಗೆ ನಾನು ಊರಿಗೆ ಬಂದಾಗ ಅವಳೂ ಕ್ಷೇತ್ರಕಾರ್ಯಕ್ಕೆ ಬಂದಿದ್ದಳು. ನಾಲ್ಕು ದಿನ ಅವಳ ಚೀಲ ಹೊತ್ತುಕೊಂಡು ತಿರುಗಿದೆ. ಈ ಕೆಲಸಕ್ಕೆ ಕಾರ್ತಿಕ ಮಾಸವೇ ಒಳ್ಳೆಯದಂತೆ. ಮಳೆ ನಿಂತು ಎರೆಮಣ್ಣು ಕಾಲಿಗೆ ಮೆತ್ತುವುದಿಲ್ಲ. ಸೋಯಾ ರಾಶಿ ಮುಗಿದು ಹೊಲ ಹರಗಿದ ಮೇಲೆ ಹಳೆಯ ಮಡಕೆ ಚೂರುಗಳು ಮೇಲೆ ಕಾಣುತ್ತವೆ. ಬೆಳಗಿನ ಓರೆ ಬಿಸಿಲಿನಲ್ಲಿ ಸವೆದ ಅಕ್ಷರವೂ ಎದ್ದು ತೋರುತ್ತದೆ. ನಡು ಮಧ್ಯಾಹ್ನ ಅದೇ ಕಲ್ಲು ಬರೀ ಕಲ್ಲು.

ಹಾಗಾಗಿ ನಸುಕಿನಲ್ಲೇ ಏಳಬೇಕು. ಹುಮನಾಬಾದ ಬಸ್ ನಿಲ್ದಾಣದಲ್ಲಿ ಸುಸಲಾ, ಚಹಾ. ಚೀಲದಲ್ಲಿ ಅಳತೆ ಟೇಪು, ನೋಟ್‌ಬುಕ್ಕು, ಬ್ರಷ್ಷು, ನೀರಿನ ಕ್ಯಾನು, ಕಾಗದ, ಮಸಿ, ಅಮ್ಮ ಕಟ್ಟಿಕೊಟ್ಟ ರೊಟ್ಟಿ. ಮೊದಲ ದಿನ ಜಲಸಂಗಿ. ಅಲ್ಲಿನ ಶಿವ ದೇವಾಲಯದ ಗೋಡೆಯ ಮೇಲೆ ಕಲ್ಲಿನಲ್ಲಿ ಅಕ್ಷರ ಬರೆಯುತ್ತಿರುವ ಹೆಣ್ಣಿನ ಶಿಲ್ಪ ಇದೆ. ಅವಳು ಬರೆಯುತ್ತಿರುವುದು ಚಾಲುಕ್ಯ ವಿಕ್ರಮಾದಿತ್ಯನ ಹೊಗಳಿಕೆ. ಇದೇ ಕಲ್ಯಾಣದಿಂದ ಆತ 1076ರಿಂದ 1126ರವರೆಗೆ ಆಳಿದ. ಇಂದು ನಮ್ಮ ಶಾಲೆಗೆ ತುಂಬಿದಷ್ಟೇ ವರ್ಷ. ಮರುದಿನ ಬಸವಕಲ್ಯಾಣದ ಕೋಟೆ, ನಾರಾಯಣಪುರದ ಗುಡಿ. ಹೋದಲ್ಲೆಲ್ಲ ಒಂದೇ ಪ್ರಶ್ನೆ: "ನಿಧಿ ಹುಡುಕ್ಲತ್ತೀರೇನು?" ಅವಳು ಬೇಸರಪಡದೆ ಟೇಪು ತೋರಿಸುತ್ತಿದ್ದಳು: "ಅಳತಿ ತಗೋಲತ್ತೀವಿ ಕಾಕಾ, ನಾವೇನೂ ಅಗೆಯೋದಿಲ್ಲ." ರಾತ್ರಿ ಊಟವಾದ ಮೇಲೆ ಹಗಲು ಬರೆದದ್ದನ್ನೆಲ್ಲ ಮತ್ತೆ ಚೊಕ್ಕ ಮಾಡಿ ಬರೆಯುತ್ತಿದ್ದಳು.

ಕೊನೆಯ ದಿನ ನಮ್ಮೂರ ಬಾವಿಕಟ್ಟೆಗೆ ಬಂದಳು. ಅಲ್ಲಿ ಓರೆಯಾಗಿ ಬಿದ್ದ ಕಲ್ಲು ನಿಮಗೆಲ್ಲ ಗೊತ್ತು. ಅದರ ಮೇಲ್ಭಾಗವನ್ನು ಜಾಲಿಕಂಟಿ ಮುಚ್ಚಿತ್ತು. ಕಂಟಿ ಸರಿಸಿ, ಕಲ್ಲು ತೊಳೆದು, ಒದ್ದೆ ಕಾಗದ ಹಚ್ಚಿ, ಬ್ರಷ್ಷಿನಿಂದ ಮೆಲ್ಲಗೆ ಬಡಿದಳು. ಕಾಗದ ಅಕ್ಷರದ ಕುಳಿಗೆ ಇಳಿಯಿತು. ಮೇಲೆ ಮಸಿ ಒತ್ತಿದಾಗ ಸುತ್ತೆಲ್ಲ ಕಪ್ಪು, ಅಕ್ಷರ ಮಾತ್ರ ಬಿಳಿ. ಇದಕ್ಕೆ ಪಡಿಯಚ್ಚು ಎನ್ನುತ್ತಾರೆ. "ಸ್ವಸ್ತಿ" ಎಂದು ಮೊದಲಾಗಿ ಅರಸನ ಬಿರುದುಗಳು ಸಾಲಾಗಿ ಮೂಡಿದವು. ಕಾಗದದ ಕೆಳಗಿನ ಅರ್ಧ ಪೂರ್ತಿ ಕಪ್ಪು. ಒಂದು ಅಕ್ಷರವೂ ಇಲ್ಲ.

"ಅಣ್ಣಾ, ಕೆಳಗ ಯಾಕ ಇಷ್ಟು ನುಣುಪಾಗ್ಯದ?" ಎಂದು ಕೇಳಿದಳು.

ನನಗೆ ಗೊತ್ತಿತ್ತು. ಶಾಲೆ ಬಿಟ್ಟ ಮೇಲೆ ಹೊಲಕ್ಕೆ ಹೋಗುವಾಗ ನಾನು ಕುಡಗೋಲು ಮಸೆಯುತ್ತಿದ್ದದ್ದು ಅಲ್ಲೇ. ನಮ್ಮ ಮನೆಯ ಬಟ್ಟೆ ಒಗೆದದ್ದೂ ಅಲ್ಲೇ.

ಅವಳು ಬೈಯಲಿಲ್ಲ. ವಿವರಿಸಿದಳು. ದಾನಶಾಸನದಲ್ಲಿ ಸಾಮಾನ್ಯವಾಗಿ ಅರಸನ ಹೊಗಳಿಕೆ ಮೊದಲು ಬರುತ್ತದೆ. ಯಾವ ದಿನ, ಯಾರು, ಯಾರಿಗೆ, ಯಾವ ಊರಲ್ಲಿ, ಎಷ್ಟು ಭೂಮಿ ಕೊಟ್ಟರು, ಅದರ ಮೇರೆ ಎಲ್ಲಿ ಎಂಬುದೆಲ್ಲ ಕೆಳಗೆ. ಅರಸನ ಬಿರುದುಗಳು ಎಷ್ಟೋ ಕಲ್ಲುಗಳಲ್ಲಿ ಸಿಗುತ್ತವೆ. ನಮ್ಮೂರಿನ ಸುದ್ದಿ ಇದ್ದದ್ದು ಈ ಒಂದೇ ಕಲ್ಲಿನಲ್ಲಿ. ಅದನ್ನೇ ನಾವು ಅಳಿಸಿದ್ದೆವು. ಇಂಥ ಕಲ್ಲನ್ನು ಹಾಳುಮಾಡಿದವರಿಗೆ ವಾರಣಾಸಿಯಲ್ಲಿ ಗೋಹತ್ಯೆ ಮಾಡಿದ ಪಾಪ ಬರುತ್ತದೆ ಎಂದು ಶಾಸನಗಳ ಕೊನೆಗೆ ಬರೆಸುವ ವಾಡಿಕೆ. ನಮ್ಮ ಕಲ್ಲಿನಲ್ಲಿ ಆ ಎಚ್ಚರಿಕೆ ಇದ್ದಿದ್ದರೆ, ಮೊದಲು ಅಳಿದದ್ದೇ ಅದು.

ನನ್ನ ಕೆಲಸದಲ್ಲಿ ನಕಲು ಇಟ್ಟುಕೊಳ್ಳದೆ ಏನನ್ನೂ ಅಳಿಸಬಾರದು ಎಂಬ ನಿಯಮವಿದೆ. ಕಲ್ಲಿಗೆ ಪಡಿಯಚ್ಚೇ ನಕಲು. ಅದು ನಮ್ಮೂರಿಗೆ ತಡವಾಗಿ ಬಂತು.

ಆದರೆ ಊರಲ್ಲಿ ಇನ್ನೂ ಕಲ್ಲುಗಳಿವೆ. ಗುಡಿಯ ಹಿಂದೆ ಎಣ್ಣೆ ಮೆತ್ತಿದ ವೀರಗಲ್ಲು ಇದೆ, ಹೊಲದ ಬದುವಿನಲ್ಲಿ ಒರಗಿದ ಕಲ್ಲಿದೆ. ಅವುಗಳಿಗೆ ಸುಣ್ಣ, ಪೇಂಟು ಬಳಿಯಬೇಡಿ. ಮನೆ ಕಟ್ಟುವಾಗ ಅಡಿಪಾಯಕ್ಕೆ ಹಾಕಬೇಡಿ. ಕಿತ್ತು ಬೇರೆಡೆ ಒಯ್ಯಬೇಡಿ, ಅದು ನಿಂತ ಜಾಗವೂ ಇತಿಹಾಸವೇ. ಅಕ್ಷರ ಕಂಡರೆ ನಮ್ಮ ಶಾಲೆಯ ಗುರುಗಳಿಗೆ ತಿಳಿಸಿ. ಅವರ ಮೂಲಕ ಪುರಾತತ್ವ ಇಲಾಖೆಗೆ ತಿಳಿಸೋಣ. ಒಂಬತ್ತನೆಯ ತರಗತಿಯ ಮಕ್ಕಳು ಪ್ರತಿ ವರ್ಷ ಕಾರ್ತಿಕದಲ್ಲಿ ಬೆಳಗಿನ ಬಿಸಿಲಿಗೆ ಹೋಗಿ, ಪ್ರತಿ ಕಲ್ಲಿನ ಫೋಟೋ ತೆಗೆದು, ಅಳತೆ ಬರೆದು, ಒಂದು ರಿಜಿಸ್ಟರ್ ಇಡಲಿ. ಅದರ ಖರ್ಚು ನನಗಿರಲಿ.

ಬಾವಿಕಟ್ಟೆಯ ಆ ಪಡಿಯಚ್ಚಿನ ಪ್ರತಿಯೊಂದನ್ನು ತಂಗಿ ಶಾಲೆಗೆಂದು ಕೊಟ್ಟಿದ್ದಾಳೆ. ಕೆಳಗಿನ ಕಪ್ಪು ಭಾಗವನ್ನು ಮಡಚದೆ, ಪೂರ್ತಿಯಾಗಿ ಗೋಡೆಗೆ ಹಾಕಬೇಕೆಂದು ಮುಖ್ಯ ಗುರುಗಳಲ್ಲಿ ನನ್ನ ವಿನಂತಿ.