ಹಿಮ್ಮೇಳಕ್ಕೊಂದು ಸೀನ್ ಫೈಲ್



ಯಕ್ಷಗಾನಕ್ಕೆ ಮೈಕು ಬೇಕೇ ಬೇಡವೇ ಎಂಬ ಹಳೆಯ ಜಗಳವನ್ನು ನಾನಿಲ್ಲಿ ಎತ್ತುವುದಿಲ್ಲ. ಮೈಕು ಬಂದಾಗಿದೆ. ಈಗ ಕೇಳಬೇಕಾದ್ದು, ಆಟದಲ್ಲಿ ಯಾರಿಗೆ ಏನು ಕೇಳಿಸಬೇಕು, ಅದನ್ನು ತೀರ್ಮಾನಿಸುವವರು ಯಾರು ಎಂಬುದನ್ನು.

ಈ ತೀರ್ಮಾನಕ್ಕೆ ಬೇಕಾದ ಉಪಕರಣ ಆಗಲೇ ನಮ್ಮ ಕೈಯಲ್ಲಿದೆ. ಯಮಹಾದ ಡಿಎಂಪಿ7 ಎಂಬ ಎಂಟು ಚಾನೆಲಿನ ಡಿಜಿಟಲ್ ಮಿಕ್ಸರು ಬಂದದ್ದು 1987ರಲ್ಲಿ. ಆದರೆ ಇಂಥ ಮಿಕ್ಸರು ಸಣ್ಣ ಸೌಂಡ್ ಸಿಸ್ಟಮ್‌ನವರ ಕೈಗೆಟುಕುವಂತಾದದ್ದು 2012ರಲ್ಲಿ ಬೆಹ್ರಿಂಗರ್ ಎಕ್ಸ್32 ಬಂದ ಮೇಲೆಯೇ ಎನ್ನಬೇಕು. ಅದರಲ್ಲಿ 32 ಮೈಕುಗಳಿಗೆ ಜಾಗ, 16 ಮಿಕ್ಸ್ ಬಸ್ಸು (ಬೇರೆಬೇರೆ ಮಿಕ್ಸ್ ಹೊರಡುವ ದಾರಿಗಳು), 6 ಮ್ಯಾಟ್ರಿಕ್ಸ್. ಹಳೆಯ ಸಣ್ಣ ಮಿಕ್ಸರಿನಲ್ಲಿ ಆಕ್ಸ್ ಎಂಬ ಇಂಥ ದಾರಿ ಒಂದೋ ಎರಡೋ. ಭಾಗವತರಿಗೂ ಚಂಡೆಯವರಿಗೂ ಮಾನಿಟರಿನಲ್ಲಿ ಒಂದೇ ಊಟ. ಈಗ ಭಾಗವತರಿಗೆ ಶ್ರುತಿ ಮತ್ತು ಮದ್ದಳೆ, ಚಂಡೆಯವರಿಗೆ ಭಾಗವತಿಕೆ, ವೇಷಧಾರಿಗೆ ಪದ್ಯ ಸ್ಪಷ್ಟವಾಗಿ, ಹೀಗೆ ಅವರವರಿಗೆ ಬೇಕಾದ್ದನ್ನು ಕೊಡಬಹುದು. ಕೊಡುತ್ತಿದ್ದೇವೆಯೇ? ನಾನು ನೋಡಿದ ಬಹಳ ಕಡೆ ಹದಿನಾರು ಬಸ್ಸುಗಳಲ್ಲಿ ಓಡುತ್ತಿದ್ದದ್ದು ಒಂದೆರಡು ಮಾತ್ರ.

ಚಂಡೆಯನ್ನೇ ತೆಗೆದುಕೊಳ್ಳಿ. ಚಿಕ್ಕ ಸಭಾಭವನದಲ್ಲಿ ಅದಕ್ಕೆ ಮೈಕಿನ ಹಂಗಿಲ್ಲ. ಮೈಕಿನವರು ಅದರ ಫೇಡರನ್ನು ಕೆಳಗಿಟ್ಟಿರುತ್ತಾರೆ, ಅದು ಸರಿಯೇ. ಆದರೆ ಯೂಟ್ಯೂಬ್ ನೇರಪ್ರಸಾರಕ್ಕೂ ಅದೇ ಮೇನ್ ಔಟ್‌ಪುಟ್ಟಿನಿಂದ ವಯರು ಎಳೆದರೆ, ಮುಂಬಯಿಯಲ್ಲೋ ದುಬೈಯಲ್ಲೋ ಕೂತು ನೋಡುವವರಿಗೆ ಭಾಗವತರ ಮೈಕಿಗೆ ದೂರದಿಂದ ಬಿದ್ದಷ್ಟೇ ಚಂಡೆ. ಸಭೆ ನಡುಗಿದ ಯುದ್ಧದ ಸನ್ನಿವೇಶ ಅವರ ಫೋನಿನಲ್ಲಿ ಬರೀ ಟಕಟಕ. ಆಮೇಲೆ ಬೈಗುಳ ತಿನ್ನುವವರು ಚಂಡೆಯವರು!

ಇದಕ್ಕೆ ಪರಿಹಾರ ಮಿಕ್ಸರಿನೊಳಗೇ ಇದೆ. ಸಭೆಗೆ ಬೇಡವಾದರೂ ಚಂಡೆಗೆ ಮೈಕು ಇಡಿ. ಪ್ರಸಾರಕ್ಕೆಂದೇ ಒಂದು ಬಸ್ಸನ್ನು ಮೀಸಲಿಡಿ. ಭಾಗವತರ ಚಾನೆಲ್ ಅದಕ್ಕೆ ಪೋಸ್ಟ್-ಫೇಡರ್ ಆಗಿ ಹೋಗಲಿ. ಏರುಪದ್ಯಕ್ಕೂ ಇಳಿಪದ್ಯಕ್ಕೂ ನೀವು ಫೇಡರಿನಲ್ಲಿ ಮಾಡುವ ಹೊಂದಾಣಿಕೆ ದೂರದವರಿಗೂ ತಲುಪಲಿ. ಚಂಡೆ ಮಾತ್ರ ಪ್ರೀ-ಫೇಡರ್ ಇರಲಿ. ಆಗ ಸಭೆಯಲ್ಲಿ ಅದರ ಫೇಡರ್ ಪೂರ್ತಿ ಇಳಿದಿದ್ದರೂ ಪ್ರಸಾರದಲ್ಲಿ ಚಂಡೆ ಇರುತ್ತದೆ. ಒಂದೇ ಬಸ್ಸಿಗೆ ಒಂದೊಂದು ಚಾನೆಲನ್ನು ಒಂದೊಂದು ರೀತಿ ಕಳಿಸಲು ಎಕ್ಸ್32 ಬಿಡುತ್ತದೆ. ಆಟಕ್ಕೆ ಮುಂಚೆ ಕೂತು ಅದನ್ನು ಹೊಂದಿಸುವ ವ್ಯವಧಾನ ಬೇಕಷ್ಟೆ.

ಇಷ್ಟು ಮಿಕ್ಸ್‌ಗಳು ಒಂದೇ ಮಿಕ್ಸರಿನಿಂದ ಹೊರಡುವಾಗ ಗೇನ್ ಎಂಬುದು ಕೆರೆಯ ತೂಬಿನ ಹಾಗೆ. ಅದನ್ನು ತಿರುಗಿಸಿದರೆ ಎಲ್ಲ ಕಾಲುವೆಗಳಲ್ಲೂ ನೀರು ಏರುಪೇರು. ನಡುರಾತ್ರಿ ಸಭೆಗೆ ಸಾಲದೆಂದು ಭಾಗವತರ ಗೇನ್ ಏರಿಸಿದರೆ, ಅದೇ ಕ್ಷಣ ಅವರ ಮಾನಿಟರೂ ಏರಿ ಕಿರುಚತೊಡಗುತ್ತದೆ. ಗೇನನ್ನು ಚೌಕಿಪೂಜೆಗೆ ಮೊದಲೇ ಹೊಂದಿಸಿ ಮರೆತುಬಿಡಬೇಕು. ಭಾಗವತರು ಬದಲಾದಾಗ ಬೇರೆ ಸೀನ್ (ಮಿಕ್ಸರಿನಲ್ಲಿ ಉಳಿಸಿಟ್ಟ ಹೊಂದಾಣಿಕೆ) ಕರೆಯುವವರು, ಗೇನ್ ಅದರೊಂದಿಗೆ ಬದಲಾಗದಂತೆ ಅದನ್ನು ರೀಕಾಲ್ ಸೇಫ್‌ನಲ್ಲಿ ಇಟ್ಟಿರುವುದು ಒಳ್ಳೆಯದು.

ಈಗ ನನ್ನ ನಿಜವಾದ ತಕರಾರು. ಯಮಹಾ ಮಿಕ್ಸರುಗಳ ಇಕ್ಯೂ ಲೈಬ್ರರಿ ತೆರೆದರೆ ಬಾಸ್ ಡ್ರಮ್, ಸ್ನೇರ್, ಪಿಯಾನೊ ಸಿಗುತ್ತವೆ. ಮದ್ದಳೆ ನನ್ನ ಕಣ್ಣಿಗೆ ಬಿದ್ದಿಲ್ಲ. ಜಪಾನಿನವರನ್ನು ದೂರಿ ಪ್ರಯೋಜನವಿಲ್ಲ, ಬರೆದಿಡಬೇಕಾದವರು ನಾವು. ಅಭ್ಯಾಸಬಲದಿಂದ ಎಲ್ಲ ಚಾನೆಲಿಗೂ 100 ಹರ್ಟ್ಸ್‌ನ ಹೈಪಾಸ್ ಒತ್ತುವವರು ಮದ್ದಳೆಯ ಎಡದ ಗುಮುಕನ್ನು ಅರ್ಧ ಕೊಂದಿರುತ್ತಾರೆ. ಮದ್ದಳೆ ಭಾಗವತರ ಶ್ರುತಿಗೆ ಸೇರಿರುವುದರಿಂದ ಒಬ್ಬರಿಗೆ ಹೊಂದಿದ ಇಕ್ಯೂ ಇನ್ನೊಬ್ಬರಿಗೆ ಹೊಂದದೆಯೂ ಹೋಗಬಹುದು. ಇಂಥದ್ದು ಕಂಪನಿಯ ಕೈಪಿಡಿಯಲ್ಲಿ ಎಲ್ಲಿ ಸಿಗಬೇಕು?

ತಾಳಮದ್ದಳೆಯ ಲೆಕ್ಕ ಬೇರೆ. ಅಲ್ಲಿ ಸಾಲಾಗಿ ಕೂತ ಅರ್ಥಧಾರಿಗಳ ಮೈಕುಗಳೆಲ್ಲ ತೆರೆದಿದ್ದರೆ ಮಾತು ಮಂಕಾಗುತ್ತದೆ, ಊಳಿಡುವ ಭಯವೂ ಇದೆ. ಮಾತಾಡುವವರ ಮೈಕಿಗೆ ಪಾಲು ಹೆಚ್ಚಿಸಿ ಉಳಿದವನ್ನು ತಗ್ಗಿಸುವ ಆಟೊಮಿಕ್ಸ್ ತಂತ್ರವನ್ನು ಡ್ಯಾನ್ ಡೂಗನ್ 1970ರ ದಶಕದಲ್ಲಿ ರೂಪಿಸಿದರು. ಎಕ್ಸ್32ರಲ್ಲಿ ಈ ಸೌಲಭ್ಯ ಇರುವುದು 1ರಿಂದ 8ರವರೆಗಿನ ಚಾನೆಲುಗಳಿಗೆ ಮಾತ್ರ. ಆದ್ದರಿಂದ ಅರ್ಥಧಾರಿಗಳು ಮೊದಲ ಎಂಟರಲ್ಲಿ, ಹಿಮ್ಮೇಳ ಒಂಬತ್ತರಿಂದ ಮುಂದೆ.

ಹೀಗೆ ಹೊಂದಿಸಿದ್ದನ್ನೆಲ್ಲ ಉಳಿಸಿಡುವ ಎಕ್ಸ್32ರ ಸೀನ್ ಫೈಲು ಯಾವ ಕಂಪ್ಯೂಟರಿನಲ್ಲೂ ತೆರೆದು ಓದಬಹುದಾದ ಸರಳ ಪಠ್ಯ, ವಾಟ್ಸಾಪಿನಲ್ಲೂ ಕಳಿಸಬಹುದು. ಆದ್ದರಿಂದ ಈ ಸಂಕಿರಣದಲ್ಲಿ ಭಾಗವಹಿಸುವವರಲ್ಲಿ ನನ್ನ ಕೋರಿಕೆ ಇಷ್ಟು: ಪ್ರಬಂಧಗಳ ಜೊತೆಗೆ ತೆಂಕುತಿಟ್ಟಿಗೊಂದು, ಬಡಗುತಿಟ್ಟಿಗೊಂದು, ತಾಳಮದ್ದಳೆಗೊಂದು ಫೈಲನ್ನೂ ಇಲ್ಲೇ ಸಿದ್ಧಪಡಿಸಿ. ಭಾಗವತರನ್ನೂ ಚಂಡೆ-ಮದ್ದಳೆಯವರನ್ನೂ ಮಿಕ್ಸರಿನ ಪಕ್ಕ ಕೂರಿಸಿಕೊಂಡು ಕೇಳಿಸಿ, ಅವರು ಒಪ್ಪಿದ ಮೇಲೆಯೇ ಅದನ್ನು ಹಂಚಿ.